ಸಕ್ಕರೆ ಕಾಯಿಲೆಯ ಬೆಕ್ಕು: ಇನ್ಸುಲಿನ್ ಕೊಟ್ಟರೂ ಹಸಿವು ಅಡಗದಿದ್ದಾಗ

ಬಟ್ಟಲು ನೆಕ್ಕಿ ಹತ್ತು ನಿಮಿಷವಾಗಿರುವುದಿಲ್ಲ, ಅಡುಗೆಮನೆ ಬಾಗಿಲಲ್ಲಿ ಮತ್ತೆ ಕೂಗು. ನಡುರಾತ್ರಿ ಎದೆ ಮೇಲೆ ಹತ್ತಿ ಎಬ್ಬಿಸುತ್ತದೆ, ಕಸದ ಬುಟ್ಟಿ ಉರುಳಿಸುತ್ತದೆ, ಎಂದೂ ಮೂಸಿ ನೋಡದ ಚಪಾತಿಯನ್ನೂ ಎಳೆದೊಯ್ಯುತ್ತದೆ. ಇಷ್ಟೆಲ್ಲ ತಿಂದರೂ ಸವರಿದರೆ ಬೆನ್ನುಮೂಳೆ ಕೈಗೆ ಸಿಗುತ್ತದೆ. ಸಕ್ಕರೆ ಕಾಯಿಲೆಯ ಬೆಕ್ಕಿಗೆ ದಿನಕ್ಕೆರಡು ಸಲ ಸೂಜಿ ಚುಚ್ಚುವುದು ಒಂದೆರಡು ವಾರದಲ್ಲಿ ಮನೆಯವರಿಗೆ ರೂಢಿಯಾಗಿಬಿಡುತ್ತದೆ. ಅವರನ್ನು ನಿಜವಾಗಿ ಹಣ್ಣು ಮಾಡುವುದು ಈ ಹಸಿವು.

ಹಸಿವು ಕಂಡಿತೆಂದು ಊಟ ಹೆಚ್ಚಿಸುತ್ತಾ ಹೋಗುವುದು ತಪ್ಪು. ಹಸಿವು ಕಂಡಿತೆಂದು ಇನ್ಸುಲಿನ್ ಹೆಚ್ಚಿಸುವುದು ಇನ್ನೂ ದೊಡ್ಡ ತಪ್ಪು, ಅದು ಪ್ರಾಣಕ್ಕೇ ಬರಬಹುದು. ತೂಕ, ಕುಡಿಯುವ ನೀರು, ರಕ್ತದ ಸಕ್ಕರೆ ಈ ಮೂರರ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಹಸಿವು ಏನು ಹೇಳುತ್ತಿದೆ ಎಂದು ತಿಳಿಯುತ್ತದೆ. ಇಲ್ಲಿರುವ ಅಳತೆಗಳು ನಿಮ್ಮ ಪಶುವೈದ್ಯರ ಜತೆ ಕೂತು ಮಾತಾಡಲು ಅನುಕೂಲವಾಗಲೆಂದು ಕೊಟ್ಟವು. ಇನ್ಸುಲಿನ್ ಪ್ರಮಾಣವನ್ನು ಅವರೇ ಹೇಳಬೇಕು.

ಹೊಟ್ಟೆ ತುಂಬಿದರೂ ಹಸಿವೇಕೆ

ಬೆಕ್ಕಿಗೆ ಬರುವ ಸಕ್ಕರೆ ಕಾಯಿಲೆ ಬಹುಪಾಲು ಮನುಷ್ಯರ ಎರಡನೇ ಬಗೆಯ ಮಧುಮೇಹದಂಥದ್ದು. ಬೊಜ್ಜು ಬಂದ, ಮನೆಯೊಳಗೇ ಬಿದ್ದುಕೊಂಡಿರುವ, ಬೀಜ ತೆಗೆಸಿದ, ನಡುವಯಸ್ಸು ದಾಟಿದ ಗಂಡು ಬೆಕ್ಕುಗಳಲ್ಲಿ ಹೆಚ್ಚು. ತುರಿಕೆಗೋ ಬಾಯಿಹುಣ್ಣಿಗೋ ಕೊಟ್ಟ ದೀರ್ಘಾವಧಿಯ ಸ್ಟೀರಾಯ್ಡ್ ಚುಚ್ಚುಮದ್ದಿನಿಂದಲೂ ಬರುತ್ತದೆ. ಮೇದೋಜೀರಕದಿಂದ ಬರುವ ಇನ್ಸುಲಿನ್ ಸಾಲದೆಯೋ, ಬಂದದ್ದು ನಾಟದೆಯೋ ರಕ್ತದಲ್ಲಿರುವ ಗ್ಲೂಕೋಸ್ ಜೀವಕೋಶಗಳೊಳಗೆ ಹೋಗುವುದಿಲ್ಲ. ಹೊರಗೆ ಸಕ್ಕರೆಯ ಹೊಳೆ, ಒಳಗೆ ಬರ. ಮಿದುಳಿನಲ್ಲಿ 'ಸಾಕು' ಎಂದು ಹೇಳುವ ಕೇಂದ್ರಕ್ಕೂ ಇನ್ಸುಲಿನ್‌ನ ಸಂದೇಶ ಬೇಕು. ಅದು ಬಾರದಿದ್ದರೆ ಬೆಕ್ಕಿಗೆ ತೃಪ್ತಿಯೇ ಆಗುವುದಿಲ್ಲ. ಹಾಗಾಗಿ ಈ ಕೂಗು ಚಪಲವಲ್ಲ, ದೇಹ ನಿಜಕ್ಕೂ ಉಪವಾಸ ಬಿದ್ದಿದೆ.

ಬೆಕ್ಕಿನಲ್ಲಿ ರಕ್ತದ ಸಕ್ಕರೆ ಸುಮಾರು 250ರಿಂದ 300 ಮಿ.ಗ್ರಾಂ. ದಾಟಿದಾಗ (ಇಲ್ಲಿ ಹೇಳುವ ಅಂಕಿಗಳೆಲ್ಲ ಪ್ರತಿ ಡೆಸಿಲೀಟರಿಗೆ) ಮೂತ್ರಪಿಂಡ ಅದನ್ನು ಹಿಡಿದಿಡಲಾರದೆ ಮೂತ್ರಕ್ಕೆ ಬಿಡುತ್ತದೆ. ಸಕ್ಕರೆ ತನ್ನ ಜತೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಉಚ್ಚೆ ಹೆಚ್ಚು, ಬಾಯಾರಿಕೆ ಹೆಚ್ಚು, ತಿಂದದ್ದರಲ್ಲಿ ಒಂದು ಪಾಲು ಲಿಟ್ಟರ್ ಬಾಕ್ಸಿಗೆ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿರುವವರ ಮೀಟರ್ ಬೇರೆ ಮಾನದಲ್ಲಿ, ಮಿಲಿಮೋಲ್‌ನಲ್ಲಿ ತೋರಿಸುತ್ತದೆ. ಅದನ್ನು 18ರಿಂದ ಗುಣಿಸಿದರೆ ಇಲ್ಲಿಯ ಅಂಕಿ ಸಿಗುತ್ತದೆ, ಅಲ್ಲಿಯ 5.6 ಇಲ್ಲಿ 100.

ಆಸ್ಪತ್ರೆಯ ಮೇಜಿನ ಮೇಲೆ ಹೆದರಿದ ಬೆಕ್ಕಿಗೆ ಸಕ್ಕರೆ ಕಾಯಿಲೆ ಇಲ್ಲದಿದ್ದರೂ ಸಕ್ಕರೆ 300 ದಾಟುವುದುಂಟು. ಒಂದು ಸಲದ ರಕ್ತಪರೀಕ್ಷೆಯಿಂದಲೇ ಇನ್ಸುಲಿನ್ ಶುರುವಾಗಿದ್ದರೆ, ಮೂತ್ರದಲ್ಲಿ ಸಕ್ಕರೆ ಇತ್ತೇ, ಫ್ರುಕ್ಟೋಸಮೈನ್ ಪರೀಕ್ಷೆ ಮಾಡಿಸಬಹುದೇ ಎಂದು ಕೇಳಿ. ಹಿಂದಿನ ಒಂದೆರಡು ವಾರ ಸಕ್ಕರೆ ಸರಾಸರಿ ಹೇಗಿತ್ತು ಎಂಬುದು ಫ್ರುಕ್ಟೋಸಮೈನ್‌ನಲ್ಲಿ ಗೊತ್ತಾಗುತ್ತದೆ, ಅಂದಿನ ಹೆದರಿಕೆ ಅದನ್ನು ಏರಿಸುವುದಿಲ್ಲ.

ಬಾಟಲಿ ಮತ್ತು ಸಿರಿಂಜು: ಅತಿ ದೊಡ್ಡ ಅನಾಹುತ ಆಗುವುದು ಇಲ್ಲೇ

ಬೆಕ್ಕುಗಳಿಗೆ ಹೆಚ್ಚು ಬಳಕೆಯಲ್ಲಿರುವುದು ಗ್ಲಾರ್ಜಿನ್ ಎಂಬ ನಿಧಾನಗತಿಯ ಇನ್ಸುಲಿನ್. ಇದು ಮನುಷ್ಯರದೇ ಔಷಧಿ, ಲ್ಯಾಂಟಸ್ ಹೆಸರಿನಲ್ಲೂ ಬೆಂಗಳೂರಿನ ಬಯೋಕಾನ್‌ನ ಬೇಸಲಾಗ್ ಹೆಸರಿನಲ್ಲೂ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಹೊರದೇಶಗಳಲ್ಲಿ ಪ್ರಾಣಿಗಳಿಗೆಂದೇ ತಯಾರಾದ ಪ್ರೋಜಿಂಕ್, ಕ್ಯಾನಿನ್ಸುಲಿನ್ ಇವೆ. ನಮ್ಮಲ್ಲಿ ಅಗ್ಗವಾಗಿ ಎಲ್ಲೆಡೆ ಸಿಗುವ ಎನ್‌ಪಿಎಚ್, 30/70 ಎಂಬ ಮಧ್ಯಮಗತಿಯ, ಮಿಶ್ರ ಬಗೆಯ ಇನ್ಸುಲಿನ್‌ಗಳ ಕೆಲಸ ಬೆಕ್ಕಿನ ದೇಹದಲ್ಲಿ ಬೇಗ ಮುಗಿದುಹೋಗುತ್ತದೆ. ಅಂಗಡಿಯವರು 'ಎಲ್ಲಾ ಒಂದೇ' ಎಂದು ಕೊಟ್ಟರೆ ತರಬೇಡಿ.

ಈಗ ಲೇಬಲ್ ಓದಿ. ಗ್ಲಾರ್ಜಿನ್‌ನಲ್ಲಿ ಸಾಮಾನ್ಯವಾಗಿ ಒಂದು ಮಿ.ಲೀ.ಗೆ 100 ಯೂನಿಟ್, ಅಂದರೆ ಯು-100. ಭಾರತದ ಹಳೆಯ ಮಾದರಿಯ ಇನ್ಸುಲಿನ್ ಬಾಟಲಿಗಳಲ್ಲಿಯೂ, ಪ್ರೋಜಿಂಕ್, ಕ್ಯಾನಿನ್ಸುಲಿನ್‌ಗಳಲ್ಲಿಯೂ ಮಿ.ಲೀ.ಗೆ 40 ಯೂನಿಟ್, ಅದು ಯು-40. ಸಿರಿಂಜುಗಳೂ ಎರಡು ಬಗೆ: ಕೆಂಪು ಮುಚ್ಚಳದ್ದು ಯು-40, ಕಿತ್ತಳೆ ಬಣ್ಣದ್ದು ಯು-100. ಬಣ್ಣವನ್ನಷ್ಟೇ ನಂಬದೆ ಸಿರಿಂಜಿನ ಮೈಮೇಲಿನ ಅಕ್ಷರವನ್ನೂ ಓದಿ. ಯು-100 ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 1ರ ಗೆರೆಗೆ ಎಳೆದರೆ ಬೆಕ್ಕಿಗೆ ಹೋಗುವುದು ಎರಡೂವರೆ ಯೂನಿಟ್. ತಿರುಗುಮುರುಗಾದರೆ 0.4 ಯೂನಿಟ್ ಮಾತ್ರ ಹೋಗುತ್ತದೆ, ಹಸಿವು ತಿಂಗಳಾದರೂ ಇಳಿಯುವುದಿಲ್ಲ. ಟೌಜಿಯೊ ಎಂಬ ಗ್ಲಾರ್ಜಿನ್‌ನಲ್ಲಂತೂ ಮಿ.ಲೀ.ಗೆ 300 ಯೂನಿಟ್. ಅದನ್ನು ಸಿರಿಂಜಿನಲ್ಲಿ ಎಳೆಯಲೇಬಾರದು.

1 ಮಿ.ಲೀ.ನ ಯು-100 ಸಿರಿಂಜಿನಲ್ಲಿ ಗೆರೆಗಳು ಎರಡೆರಡು ಯೂನಿಟ್‌ಗೆ ಒಂದರಂತೆ ಇರುತ್ತವೆ. ಬೆಕ್ಕಿಗೆ ಬೇಕಾದದ್ದು 1 ಅಥವಾ ಒಂದೂವರೆ ಯೂನಿಟ್, ಅಂದಾಜಿನ ಮೇಲೆ ಎಳೆಯುವುದು ಜೂಜು. 0.3 ಮಿ.ಲೀ. ಅಳತೆಯ, ಅರ್ಧ ಯೂನಿಟ್ ಗೆರೆಗಳಿರುವ, 31 ಗೇಜ್ ಸೂಜಿಯ (ಗೇಜ್ ಅಂಕಿ ಹೆಚ್ಚಿದಷ್ಟೂ ಸೂಜಿ ತೆಳು) ಸಿರಿಂಜನ್ನು ಹುಡುಕಿ ತರಿಸಿಕೊಳ್ಳಿ. ಹತ್ತಿರದ ಅಂಗಡಿಯಲ್ಲಿ ಇರದಿದ್ದರೂ ಹೇಳಿದರೆ ತರಿಸಿಕೊಡುತ್ತಾರೆ.

ಖರ್ಚಿನ ಲೆಕ್ಕವೊಂದಿದೆ. 10 ಮಿ.ಲೀ. ಬಾಟಲಿಯಲ್ಲಿ 1000 ಯೂನಿಟ್. ದಿನಕ್ಕೆ ಎರಡು ಯೂನಿಟ್ ಬೇಕಾಗುವ ಬೆಕ್ಕಿಗೆ ಅದು ಮುಗಿಯುವ ಮೊದಲೇ ಹಳತಾಗುತ್ತದೆ. 3 ಮಿ.ಲೀ. ಪೆನ್ ಕಾರ್ಟ್ರಿಡ್ಜ್ ಕೊಂಡು, ಅದರ ರಬ್ಬರಿನ ಮೂಲಕ ಸಿರಿಂಜಿನಲ್ಲಿ ಎಳೆದುಕೊಂಡರೆ ಪೋಲು ಕಡಿಮೆ. ಹೀಗೆ ಎಳೆದ ಕಾರ್ಟ್ರಿಡ್ಜನ್ನು ಮತ್ತೆ ಪೆನ್ನಿಗೆ ಹಾಕಬಾರದು, ಗಾಳಿ ಸೇರಿ ಅಳತೆ ತಪ್ಪುತ್ತದೆ.

ಇಡುವ ಜಾಗ ಫ್ರಿಜ್‌ನ ನಡುವಿನ ತಟ್ಟೆ, 2ರಿಂದ 8 ಡಿಗ್ರಿ. ಬಾಗಿಲಿನಲ್ಲಿ ಇಟ್ಟರೆ ಪ್ರತಿ ಸಲ ತೆಗೆದಾಗಲೂ ಕುಲುಕುತ್ತದೆ, ಬಿಸಿಯಾಗುತ್ತದೆ. ಫ್ರೀಜರಿನ ಪಕ್ಕಕ್ಕಿಟ್ಟರೆ ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೂ ಕೆಲಸಕ್ಕೆ ಬಾರದು. ತೆರೆದ ಗ್ಲಾರ್ಜಿನ್ 30 ಡಿಗ್ರಿಗಿಂತ ಕಡಿಮೆ ಇರುವಲ್ಲಿ 28 ದಿನ ತಡೆಯುತ್ತದೆ ಎನ್ನುತ್ತದೆ ಲೇಬಲ್. ಆದರೆ ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ 30 ಡಿಗ್ರಿಯ ಕೋಣೆ ಎಲ್ಲಿಂದ ತರುವುದು? ಬೇಸಿಗೆಯ ಪ್ರಯಾಣಕ್ಕೆ ಥರ್ಮಾಸ್ ಫ್ಲಾಸ್ಕಿನಲ್ಲಿ ಬಟ್ಟೆ ಸುತ್ತಿದ ಐಸ್ ಪ್ಯಾಕ್ ಇಟ್ಟು, ಬಾಟಲಿ ಐಸಿಗೆ ನೇರ ತಾಗದಂತೆ ಒಯ್ಯಿರಿ. ಗ್ಲಾರ್ಜಿನ್ ನೀರಿನಂತೆ ತಿಳಿಯಾಗಿರಬೇಕು; ಮಬ್ಬಾದರೆ, ಎಳೆಗಳು ತೇಲಿದರೆ ಬಿಸಾಡಿ. ಅದನ್ನು ನೀರು ಬೆರೆಸಿ ತೆಳು ಮಾಡಬಾರದು, ಕುಲುಕಲೂಬಾರದು. ಹಾಲಿನಂತೆ ಬೆಳ್ಳಗಿರುವ ಬಗೆಗಳನ್ನು ಬೆರೆಸುವ ರೀತಿ ಒಂದೊಂದಕ್ಕೂ ಬೇರೆ, ಆಯಾ ಚೀಟಿಯಲ್ಲಿ ಬರೆದಂತೆ ಮಾಡಿ.

ಚುಚ್ಚುವ ಕ್ರಮ

ಸಾಮಾನ್ಯವಾಗಿ ವೈದ್ಯರು ಆರಂಭಿಸುವುದು 12 ತಾಸಿಗೊಮ್ಮೆ 1 ಯೂನಿಟ್‌ನ ಆಸುಪಾಸಿನಲ್ಲಿ. ಬೆಳಿಗ್ಗೆ 7, ರಾತ್ರಿ 7 ಎಂದು ನಿಮ್ಮ ದಿನಚರಿಗೆ ಹೊಂದುವ ಹೊತ್ತನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಿ. ಅರ್ಧ ತಾಸು ಹಿಂದುಮುಂದಾದರೆ ತೊಂದರೆಯಿಲ್ಲ.

ಮೊದಲು ಸಕ್ಕರೆ ನೋಡಿ. ಕಿವಿಯನ್ನು ಬೆಚ್ಚಗೆ ಮಾಡಿಕೊಳ್ಳಬೇಕು. ಕಾಲುಚೀಲದಲ್ಲಿ ಒಂದು ಹಿಡಿ ಅಕ್ಕಿ ಕಟ್ಟಿ ತವದ ಮೇಲೆ ಉಗುರುಬೆಚ್ಚಗೆ ಮಾಡಿ ಅರ್ಧ ನಿಮಿಷ ಹಿಡಿದರೆ ಸಾಕು. ಕಿವಿಯ ಹೊರ ಅಂಚಿಗೂ ಅದರುದ್ದಕ್ಕೂ ಹೋಗುವ ರಕ್ತನಾಳಕ್ಕೂ ನಡುವಿನ ಜಾಗದಲ್ಲಿ ತೆಳ್ಳಗೆ ವ್ಯಾಸಲೀನ್ ಸವರಿ, ಹಿಂದೆ ಹತ್ತಿ ಹಿಡಿದು ರಕ್ತದ ಹನಿ ತೆಗೆಯುವ ಪುಟ್ಟ ಸೂಜಿ, ಲ್ಯಾನ್ಸೆಟ್‌ನಿಂದ ಚುಚ್ಚಿ. ವ್ಯಾಸಲೀನ್ ಇದ್ದರೆ ರಕ್ತ ಕೂದಲಿಗೆ ಹರಡದೆ ಮುತ್ತಿನಂತೆ ನಿಲ್ಲುತ್ತದೆ. ಶುರುವಿನಲ್ಲಿ 30 ಗೇಜ್‌ಗಿಂತ ತುಸು ದಪ್ಪ, 26ರಿಂದ 28ರ ಲ್ಯಾನ್ಸೆಟ್ ವಾಸಿ; ಚುಚ್ಚಿಸಿಕೊಂಡು ಪಳಗಿದ ಕಿವಿಯಲ್ಲಿ ರಕ್ತ ಸಲೀಸಾಗಿ ಬರುತ್ತದೆ. ಮನುಷ್ಯರ ಗ್ಲೂಕೋಮೀಟರ್ ಬೆಕ್ಕಿನ ರಕ್ತದಲ್ಲಿ ನಿಜಕ್ಕಿಂತ ಕಡಿಮೆ ಅಂಕಿ ತೋರಿಸುತ್ತದೆ. ಆಲ್ಫಾಟ್ರ್ಯಾಕ್‌ನಂಥ ಪ್ರಾಣಿಗಳ ಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಯಾವಾಗಲೂ ಒಂದೇ ಮೀಟರ್ ಬಳಸಿ, ಅದು ಯಾವುದೆಂದು ವೈದ್ಯರಿಗೆ ಹೇಳಿ.

ಅಂಕಿಯನ್ನು ಪುಸ್ತಕದಲ್ಲಿ ಬರೆದ ಮೇಲೆ ಊಟ ಕೊಡಿ. ತಿನ್ನಲು ಶುರುಮಾಡಿತೆಂದು ಖಾತ್ರಿಯಾದ ಬಳಿಕ ಪಕ್ಕೆಯ ಅಥವಾ ಹೊಟ್ಟೆಬದಿಯ ಚರ್ಮವನ್ನು ಮೂರು ಬೆರಳಲ್ಲಿ ಗುಡಾರದಂತೆ ಎತ್ತಿ, ಸೂಜಿಯ ಇಳಿಜಾರು ಬಾಯಿ ಮೇಲಿರುವಂತೆ ಹಿಡಿದು ಗುಡಾರದ ಬುಡಕ್ಕೆ ಚುಚ್ಚಿ, ಒತ್ತಿ, ಎರಡು ಎಣಿಸಿ ಹೊರತೆಗೆಯಿರಿ. ಕತ್ತಿನ ಹಿಂಭಾಗ ಸುಲಭ ನಿಜ, ಆದರೆ ಅಲ್ಲಿ ರಕ್ತಸಂಚಾರ ಕಡಿಮೆ. ದಿನವೂ ಅಲ್ಲೇ ಚುಚ್ಚಿದರೆ ಚರ್ಮ ಗಟ್ಟಿಯಾಗಿ ಔಷಧಿ ಸರಿಯಾಗಿ ಹೀರುವುದಿಲ್ಲ. ಬೆಳಿಗ್ಗೆ ಎಡಕ್ಕೆ, ರಾತ್ರಿ ಬಲಕ್ಕೆ ಎಂದಿಟ್ಟುಕೊಂಡರೆ ನೆನಪು ತಪ್ಪುವುದಿಲ್ಲ. ಸ್ಪಿರಿಟ್ ಹಚ್ಚಬೇಕಿಲ್ಲ, ಅದರ ವಾಸನೆಗೇ ಬೆಕ್ಕು ಓಡುತ್ತದೆ.

ಚುಚ್ಚಿದ ಜಾಗದ ಕೂದಲು ಒದ್ದೆಯಾಗಿ ಆಸ್ಪತ್ರೆಯ ವಾಸನೆ ಬಂತೆಂದರೆ ಸೂಜಿ ಆಚೆಗೆ ತೂರಿ ಔಷಧಿ ಹೊರಗೆ ಹೋಗಿದೆ. ಎಷ್ಟು ಒಳಗೆ ಹೋಯಿತೋ ಗೊತ್ತಿಲ್ಲ. ಮತ್ತೆ ಚುಚ್ಚಬೇಡಿ. ಮರೆತ ಡೋಸಿಗೂ ಇದೇ ಮಾತು, ಮುಂದಿನ ಸಲ ಎರಡಷ್ಟು ಕೊಡುವಂತಿಲ್ಲ. ಒಂದು ಹೊತ್ತು ಸಕ್ಕರೆ ಏರಿದರೆ ಬೆಕ್ಕು ಉಚ್ಚೆ ಹೆಚ್ಚು ಹೊಯ್ಯುತ್ತದೆ ಅಷ್ಟೆ. ಎರಡಷ್ಟಾದರೆ ಬದುಕಿಗೇ ಸಂಚಕಾರ. ಮನೆಯಲ್ಲಿ ಇಬ್ಬರು ಚುಚ್ಚುವವರಿದ್ದರೆ ಫ್ರಿಜ್ ಬಾಗಿಲಿಗೆ ಕ್ಯಾಲೆಂಡರ್ ತೂಗುಹಾಕಿ, ಕೊಟ್ಟವರು ಗುರುತು ಹಾಕಲಿ. 'ನೀನು ಕೊಟ್ಟಿದ್ದೀಯ ಅಂದುಕೊಂಡೆ' ಆದರೆ ಅಪಾಯವಿಲ್ಲ. 'ನೀನು ಕೊಟ್ಟಿಲ್ಲ ಅಂದುಕೊಂಡೆ' ಆದರೆ ಕಷ್ಟ.

ಕೊಡದೆ ತಡೆಯಬೇಕಾದ ಸಂದರ್ಭಗಳು: ಬೆಕ್ಕು ಊಟ ಮುಟ್ಟಲಿಲ್ಲ, ವಾಂತಿ ಮಾಡುತ್ತಿದೆ, ಅಥವಾ ಚುಚ್ಚುವ ಮುಂಚಿನ ಅಂಕಿ 200ಕ್ಕಿಂತ ಕೆಳಗಿದೆ. ಹೊಸಬರು ಇಂಥ ಹೊತ್ತಿನಲ್ಲಿ ವೈದ್ಯರಿಗೆ ಫೋನ್ ಮಾಡಿಯೇ ಮುಂದುವರಿಯಬೇಕು. ಬಳಸಿದ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಕ್ಲಿನಿಕ್ಕಿಗೆ ಒಪ್ಪಿಸಿ. ಬರಿ ಕಸಕ್ಕೆ ಹಾಕಿದರೆ ಚುಚ್ಚುವುದು ಪೌರಕಾರ್ಮಿಕರ ಕೈಗೆ.

ಹಸಿವಿಗೆ ಊಟದ ಕಡೆಯಿಂದ ಮಾಡಬಹುದಾದದ್ದು

ಹಾಲನ್ನ, ಮೊಸರನ್ನ, ಮೀನುಸಾರಿನ ಅನ್ನ, ಹಾಲಲ್ಲಿ ನೆನೆಸಿದ ಬಿಸ್ಕತ್ತು: ನಮ್ಮ ಮನೆಗಳ ಬೆಕ್ಕುಗಳು ಬೆಳೆದದ್ದೇ ಇದರ ಮೇಲೆ. ಸಕ್ಕರೆ ಕಾಯಿಲೆ ಬಂದ ದಿನದಿಂದ ಇವೆಲ್ಲ ನಿಲ್ಲಬೇಕು. ಬೆಕ್ಕು ಅಪ್ಪಟ ಮಾಂಸಾಹಾರಿ, ಪಿಷ್ಟವನ್ನು ನಿಭಾಯಿಸುವ ಶಕ್ತಿ ಅದರ ದೇಹಕ್ಕೆ ಕಡಿಮೆ. ಅನ್ನ ತಿಂದಾಗ ಏರಿದ ಸಕ್ಕರೆ ಇಳಿಯಲು ಬಹಳ ಹೊತ್ತು ಹಿಡಿಯುತ್ತದೆ. ಒಟ್ಟು ಶಕ್ತಿಯಲ್ಲಿ ಪಿಷ್ಟದ ಪಾಲು ಶೇ. 10ರ ಆಚೀಚೆ ಇದ್ದರೆ ಒಳ್ಳೆಯದು. ಅಂಗಡಿಯ ಒಣ ಕಾಳುಗಳಲ್ಲಿ ಅದು ಶೇ. 30–40 ಇರುವುದು ಸಾಮಾನ್ಯ, 'ಗ್ರೇನ್ ಫ್ರೀ' ಎಂದು ಬರೆದದ್ದರಲ್ಲೂ ಆಲೂಗೆಡ್ಡೆ, ಬಟಾಣಿ ತುಂಬಿರುತ್ತವೆ.

ಪ್ಯಾಕೆಟ್ ಮೇಲೆ ಪಿಷ್ಟದ ಅಂಕಿ ಇರುವುದಿಲ್ಲ, ಲೆಕ್ಕ ಹಾಕಿಕೊಳ್ಳಬೇಕು. ನೂರರಿಂದ ಪ್ರೋಟೀನ್, ಕೊಬ್ಬು, ನಾರು, ತೇವಾಂಶ, ಬೂದಿ (ಖನಿಜಗಳ ಅಂಶ) ಇಷ್ಟನ್ನೂ ಕಳೆಯಿರಿ. ಬೂದಿಯ ಅಂಕಿ ಇರದಿದ್ದರೆ ಒದ್ದೆ ಆಹಾರದ ಪೌಚ್‌ಗೆ 2, ಒಣ ಆಹಾರಕ್ಕೆ 8 ಹಿಡಿಯಿರಿ. ಒಂದು ಪೌಚ್‌ನಲ್ಲಿ ಪ್ರೋಟೀನ್ 11, ಕೊಬ್ಬು 6, ನಾರು 1, ತೇವಾಂಶ 78 ಎಂದಿದ್ದರೆ ಉಳಿಯುವ ಪಿಷ್ಟ 2. ಇನ್ನು ಪ್ರೋಟೀನ್ ಮತ್ತು ಪಿಷ್ಟವನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ: 38.5, 7, 51. ಒಟ್ಟು 96.5 ಕ್ಯಾಲೊರಿ, ಅದರಲ್ಲಿ ಪಿಷ್ಟದ್ದು 7, ಅಂದರೆ ಶೇ. 7ರ ಸಮೀಪ. ಇದು ನಡೆಯುತ್ತದೆ. ಪ್ರೋಟೀನ್ 32, ಕೊಬ್ಬು 12, ನಾರು 4, ತೇವಾಂಶ 10, ಬೂದಿ 8 ಇರುವ ಒಣ ಕಾಳಿನಲ್ಲಿ ಪಿಷ್ಟ 34. ಶಕ್ತಿಯ ಲೆಕ್ಕದಲ್ಲಿ ಶೇ. 36. ಇದು ಬೇಡ. ಪೌಚ್‌ಗಳಲ್ಲೂ ಗ್ರೇವಿಗಿಂತ ನುಣ್ಣಗೆ ಅರೆದ ಮುದ್ದೆಯಂಥವು ವಾಸಿ, ಗ್ರೇವಿಯನ್ನು ಮಂದ ಮಾಡಲು ಪಿಷ್ಟ ಬೆರೆಸಿರುತ್ತಾರೆ.

ಬರಿ ಬೇಯಿಸಿದ ಕೋಳಿಯಲ್ಲಿ ಪಿಷ್ಟವೇ ಇಲ್ಲವಲ್ಲ, ಅದನ್ನೇ ಹಾಕಿದರಾಯಿತು ಎಂದು ತೋರುತ್ತದೆ. ಆದರೆ ಅದರಲ್ಲಿ ಸುಣ್ಣದ ಅಂಶ ಸಾಲದು, ಬೇಯಿಸಿದ ನೀರಿನ ಜತೆ ಟಾರಿನ್ ಎಂಬ ಪೋಷಕಾಂಶ ಹೊರಟುಹೋಗುತ್ತದೆ. ಟಾರಿನ್ ಕೊರತೆಯಾದರೆ ಬೆಕ್ಕಿನ ಕಣ್ಣೂ ಹೃದಯವೂ ಕೆಡುತ್ತವೆ. ಕೋಳಿಯನ್ನು ದಿನದ ಶಕ್ತಿಯ ಹತ್ತನೇ ಒಂದು ಪಾಲಿಗೆ ಮಿತಿಗೊಳಿಸಿ. ಚರ್ಮವಿಲ್ಲದ ಎದೆಭಾಗ ಹತ್ತು ಹನ್ನೆರಡು ಗ್ರಾಂ, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕದಂತೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮುಖ್ಯ ಊಟ ಮಾತ್ರ 'ಸಂಪೂರ್ಣ ಆಹಾರ' ಎಂದು ನಮೂದಾದದ್ದೇ ಆಗಿರಲಿ. ಮೀನಿನ ಎಳೆಗಳಿರುವ ಎಷ್ಟೋ ದುಬಾರಿ ಪೌಚ್‌ಗಳು ಬರೀ ಪೂರಕ ಆಹಾರಗಳು.

ಎಚ್ಚರಿಕೆಯ ಮಾತೊಂದಿದೆ, ಇದನ್ನು ಹಾರಿಸಿ ಓದಬೇಡಿ. ಇನ್ಸುಲಿನ್ ನಡೆಯುತ್ತಿರುವಾಗ ಅನ್ನವನ್ನೋ ಒಣ ಕಾಳನ್ನೋ ಒಮ್ಮೆಲೇ ನಿಲ್ಲಿಸಿ ಪಿಷ್ಟ ಕಡಿಮೆಯ ಊಟಕ್ಕೆ ಹಾರಿದರೆ ಹಿಂದಿನ ಡೋಸೇ ವಿಪರೀತವಾಗಿ ಸಕ್ಕರೆ ಕುಸಿಯಬಹುದು. ವೈದ್ಯರಿಗೆ ಮೊದಲೇ ತಿಳಿಸಿ ಒಂದೆರಡು ವಾರದಲ್ಲಿ ನಿಧಾನವಾಗಿ ಬದಲಿಸಿ, ಆ ದಿನಗಳಲ್ಲಿ ಸಕ್ಕರೆಯನ್ನು ಹೆಚ್ಚು ಸಲ ನೋಡಿ.

ಎಷ್ಟು ಕೊಡಬೇಕು? ಸುಮಾರು 4 ಕಿಲೋ ಇರಬೇಕಾದ ಬೆಕ್ಕಿಗೆ ದಿನಕ್ಕೆ 200ರಿಂದ 240 ಕ್ಯಾಲೊರಿ, ಮೇಲಿನ ಲೆಕ್ಕದ ಪೌಚ್ 85 ಗ್ರಾಂನದ್ದಾದರೆ ಎರಡೂವರೆಯಿಂದ ಮೂರು. ಸೊರಗಿ ಎಲುಬು ಕಾಣುತ್ತಿರುವ ಬೆಕ್ಕಿಗೆ ಮೊದಲ ವಾರಗಳಲ್ಲಿ ಇದಕ್ಕಿಂತ ಹೆಚ್ಚೇ ಬೇಕು. ಸಕ್ಕರೆ ಹತೋಟಿಗೆ ಬರುವವರೆಗೆ ಅದರ ಊಟ ಸೋರುತ್ತಿದೆ, ಅದನ್ನು ಹಸಿದು ಕೂರಿಸಬಾರದು. ಬೊಜ್ಜಿನ ಬೆಕ್ಕಿಗೆ ಮಾತ್ರ ಅಳತೆ ಬಿಗಿ. ತೂಕ ವಾರಕ್ಕೆ ಶೇ. 1ರ ಸುತ್ತಮುತ್ತ ಇಳಿದರೆ ಸರಿ. ಅವಸರಪಟ್ಟು ಉಪವಾಸ ಕೆಡವಿದರೆ ಯಕೃತ್ತಿಗೆ ಕೊಬ್ಬು ತುಂಬಿಕೊಂಡು ಹೊಸ ಕಾಯಿಲೆ ಬರುತ್ತದೆ.

ಆಮೇಲೆ ಹಂಚುವ ಜಾಣ್ಮೆ. ದಿನದ ಒಟ್ಟನ್ನು ಬೆಳಿಗ್ಗೆಯೇ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಡಬ್ಬಿಯಲ್ಲಿ ಹಾಕಿಡಿ. ಚುಚ್ಚುವ ಹೊತ್ತಿನ ಎರಡು ಊಟಗಳಿಗೆ ಮೂರನೇ ಎರಡು ಪಾಲು, ಉಳಿದದ್ದು ಬೆಳಿಗ್ಗೆ ಹನ್ನೊಂದಕ್ಕೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಮಲಗುವಾಗ ಸಣ್ಣ ಸಣ್ಣ ತುತ್ತು. ಗ್ಲಾರ್ಜಿನ್‌ನಂಥ ನಿಧಾನದ ಇನ್ಸುಲಿನ್ ಮೇಲಿರುವ, ಪಿಷ್ಟ ಕಡಿಮೆ ತಿನ್ನುವ ಬೆಕ್ಕು ನಡುನಡುವೆ ತಿಂದರೆ ತೊಂದರೆಯಿಲ್ಲ. ಒಟ್ಟು ಮೊತ್ತ ಮೀರಬಾರದು, ದಿನದಿಂದ ದಿನಕ್ಕೆ ಏರುಪೇರಾಗಬಾರದು. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುವ ಬೆಕ್ಕಿದ್ದರೆ ಟೈಮರ್ ಇರುವ ಫೀಡರ್ ತರಿಸಿ, ಒಂದು ಪಾಲನ್ನು ಹೆಪ್ಪುಗಟ್ಟಿಸಿ ಅದರಲ್ಲಿಡಿ. ನಾಲ್ಕರ ಹೊತ್ತಿಗೆ ಕರಗಿರುತ್ತದೆ. ನಾಲ್ಕು ದಿನದಲ್ಲಿ ಬೆಕ್ಕು ನಿಮ್ಮನ್ನು ಬಿಟ್ಟು ಫೀಡರಿನ ಮುಂದೆ ಕೂಗಲು ಕಲಿಯುತ್ತದೆ. ಪೌಚ್‌ಗೆ ಒಂದೆರಡು ಚಮಚ ಬೆಚ್ಚನೆಯ ನೀರು ಕಲಸಿದರೆ ಹೊಟ್ಟೆಗೆ ಗಾತ್ರ, ಮೂತ್ರಕೋಶಕ್ಕೂ ಒಳ್ಳೆಯದು.

ಮನೆಯ ಹೊರಗಿನ ಊಟ ಮಾತ್ರ ಲೆಕ್ಕಕ್ಕೆ ಸಿಗುವುದಿಲ್ಲ. ವಠಾರದಲ್ಲಿ ತಿರುಗಾಡುವ ಬೆಕ್ಕಿಗೆ ಮೂರು ಮನೆಯಲ್ಲಿ ಮೂರು ಹೆಸರು, ಮೂರು ಬಟ್ಟಲು ಹಾಲು. ಪಕ್ಕದ ಮನೆಯ ಅಜ್ಜಿಗೆ 'ಹಾಕಬೇಡಿ' ಎಂದರೆ ಅವರು ಕೇಳುವುದಿಲ್ಲ. 'ಅದಕ್ಕೆ ಸಕ್ಕರೆ ಕಾಯಿಲೆ ಅಜ್ಜಿ, ದಿನಾ ಇನ್ಸುಲಿನ್ ಕೊಡ್ತಿದ್ದೀವಿ' ಎಂದರೆ ಕೇಳುತ್ತಾರೆ. ಹಾಗಲಕಾಯಿ ರಸ, ಮೆಂತ್ಯದ ನೀರು, ಮನೆಯವರ ಮೆಟ್‌ಫಾರ್ಮಿನ್ ಮಾತ್ರೆ ಇವುಗಳ ಸಲಹೆಯೂ ಅಲ್ಲಿಂದಲೇ ಬರುತ್ತದೆ, ಯಾವುದನ್ನೂ ಬೆಕ್ಕಿನ ಬಾಯಿಗೆ ಹಾಕಬೇಡಿ. ಬೆಕ್ಕುಗಳಿಗೆಂದೇ ಬಾಯಿಯ ಮೂಲಕ ಕೊಡುವ ಔಷಧಿಗಳು ಅಮೆರಿಕದಲ್ಲಿ ಬಂದಿವೆ, 2022ರ ಡಿಸೆಂಬರಿನಲ್ಲಿ ಬೆಕ್ಸಾಕ್ಯಾಟ್, 2023ರಲ್ಲಿ ಸೆನ್ವೆಲ್ಗೊ. ಇವು ಅದುವರೆಗೆ ಇನ್ಸುಲಿನ್ ಪಡೆಯದ ಬೆಕ್ಕುಗಳಿಗೆ ಮಾತ್ರ, ಕೊಬ್ಬು ಉರಿದಾಗ ಹುಟ್ಟುವ ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ಏರುವ ಅಪಾಯವೂ ಇದೆ. ಇನ್ಸುಲಿನ್ ಮೇಲಿರುವ ಬೆಕ್ಕನ್ನು ಅದಕ್ಕೆ ದಾಟಿಸುವಂತಿಲ್ಲ.

ಹಸಿವನ್ನು ಓದುವುದು

ಮಕ್ಕಳನ್ನು ತೂಗುವ ತಕ್ಕಡಿಯಲ್ಲಿ ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ಬೆಕ್ಕನ್ನು ತೂಗಿ. ಬೆಕ್ಕನ್ನು ಎತ್ತಿಕೊಂಡು ನೀವು ನಿಂತು ಕಳೆಯುವ ಲೆಕ್ಕದಲ್ಲಿ ನೂರು ಗ್ರಾಂ ವ್ಯತ್ಯಾಸ ಕಾಣುವುದಿಲ್ಲ, ಬೆಕ್ಕಿಗೆ ನೂರು ಗ್ರಾಂ ಸಣ್ಣದಲ್ಲ. ನೀರನ್ನು ಅಳೆದು ಹಾಕಿ, ಮರುದಿನ ಉಳಿದದ್ದನ್ನು ಅಳೆಯಿರಿ. ದಿನಕ್ಕೆ ತೂಕದ ಕಿಲೋಗೆ 100 ಮಿ.ಲೀ. ದಾಟಿದರೆ ವಿಪರೀತ, ಪೌಚ್ ತಿನ್ನುವ ಬೆಕ್ಕು ಕುಡಿಯುವುದೇ ಕಡಿಮೆ, ಅದಕ್ಕೆ ಇದರ ಅರ್ಧವೂ ಅನುಮಾನಕ್ಕೆ ಕಾರಣ.

ಹಸಿವಿದೆ, ತೂಕ ಇಳಿಯುತ್ತಿದೆ, ನೀರು ಜಾಸ್ತಿ, ಸಕ್ಕರೆ ದಿನವಿಡೀ 300ರ ಮೇಲೆ: ಇನ್ಸುಲಿನ್ ನಾಟುತ್ತಿಲ್ಲ. ಶುರುಮಾಡಿ ಮೂರು ನಾಲ್ಕು ವಾರವೂ ಆಗಿರದಿದ್ದರೆ ಇದು ಸಹಜ, ಹದಕ್ಕೆ ಬರಲು ತಿಂಗಳುಗಳೇ ಹಿಡಿಯುತ್ತವೆ. ಆಗಲೇ ತಿಂಗಳುಗಳಾಗಿದ್ದರೆ ಡೋಸ್ ಏರಿಸುವ ಮೊದಲು ಸಿರಿಂಜು, ಬಾಟಲಿಯ ವಯಸ್ಸು, ಚುಚ್ಚುವ ಜಾಗ, ಕದ್ದು ತಿನ್ನುವ ಊಟ ಇಷ್ಟನ್ನೂ ಪರೀಕ್ಷಿಸಿ. ಹಲ್ಲಿನ ಬುಡದ ಕೀವು, ಮೂತ್ರದ ಸೋಂಕು ಕೂಡ ಇನ್ಸುಲಿನ್‌ಗೆ ಅಡ್ಡ ಬರುತ್ತವೆ. ಡೋಸ್ ಏರಿಸಬೇಕೆಂದು ವೈದ್ಯರು ಹೇಳಿದರೂ ಸಾಮಾನ್ಯವಾಗಿ ಒಮ್ಮೆಗೆ ಅರ್ಧ ಯೂನಿಟ್, ಅದಾದ ಮೇಲೆ ಐದರಿಂದ ಏಳು ದಿನ ಕಾಯುವುದು.

ಸಕ್ಕರೆ ಚೆನ್ನಾಗಿದೆ, ನೀರೂ ಸರಿ, ಆದರೂ ತೂಕ ಇಳಿಯುತ್ತಿದೆ, ಹಸಿವು ನಿಂತಿಲ್ಲ: ಥೈರಾಯ್ಡ್ ಪರೀಕ್ಷೆ ಮಾಡಿಸಿ. ವಯಸ್ಸಾದ ಬೆಕ್ಕಿನಲ್ಲಿ ಥೈರಾಯ್ಡ್ ಹೆಚ್ಚಾಗುವುದು ತೀರ ಸಾಮಾನ್ಯ. ಜಂತುಹುಳು, ಕರುಳಿನ ಕಾಯಿಲೆಗಳೂ ಈ ಸಾಲಿಗೆ ಸೇರುತ್ತವೆ.

ಹಸಿವಿದೆ, ಸಕ್ಕರೆಯೂ ಜಗ್ಗುತ್ತಿಲ್ಲ, ಆದರೆ ತೂಕ ಮಾತ್ರ ಏರುತ್ತಿದೆ, ಮುಖ ಅಗಲವಾದಂತಿದೆ, ಪಂಜ ದೊಡ್ಡದಾದಂತಿದೆ. ಇದು ಪಿಟ್ಯುಟರಿ ಗ್ರಂಥಿಯಿಂದ ಬೆಳವಣಿಗೆಯ ಹಾರ್ಮೋನು ಮಿತಿಮೀರಿ ಬರುವ ಅಕ್ರೋಮೆಗಲಿ ಇರಬಹುದು. ಇಂಥ ಬೆಕ್ಕಿನ ಹಸಿವು ಎಲ್ಲಕ್ಕಿಂತ ಉಗ್ರ. ಐಜಿಎಫ್-1 ಎಂಬ ರಕ್ತಪರೀಕ್ಷೆಯಲ್ಲಿ ಸುಳಿವು ಸಿಗುತ್ತದೆ. ಇನ್ಸುಲಿನ್ ಶುರುವಾಗಿ ಆರೆಂಟು ವಾರ ಕಳೆದ ಮೇಲೆ ಮಾಡಿಸಬೇಕು, ಅದಕ್ಕೂ ಮೊದಲು ಸುಳ್ಳೇ ಕಡಿಮೆ ಬರುವುದುಂಟು. ಮುಖದ ಬದಲಾವಣೆ ಕಣ್ಣಿಗೆ ಕಾಣದ ಬೆಕ್ಕುಗಳೂ ಬಹಳ.

ಹಸಿವು ಇಡೀ ದಿನ ಇಲ್ಲ, ಚುಚ್ಚಿ ನಾಲ್ಕರಿಂದ ಎಂಟು ತಾಸಿನ ನಡುವೆ ಇದ್ದಕ್ಕಿದ್ದಂತೆ ಆತುರದಿಂದ ಹುಡುಕಾಡುತ್ತದೆ: ಕೂಡಲೇ ಕಿವಿ ಚುಚ್ಚಿ ನೋಡಿ. ಗ್ಲಾರ್ಜಿನ್‌ನ ಜೋರು ಹೆಚ್ಚಾಗಿರುವ ಹೊತ್ತದು. ಸಕ್ಕರೆ ಕುಸಿದಾಗಲೂ ದೇಹ ಹಸಿವಿನಿಂದಲೇ ಕೂಗುತ್ತದೆ. ಆ ಹೊತ್ತಿನ ಕೆಳಗಿನ ಅಂಕಿ 80ರಿಂದ 150ರಲ್ಲಿ ನಿಂತರೆ ಚೆನ್ನ. ಹಸಿವು ಹೆಚ್ಚಾಯಿತೆಂದು ಡೋಸ್ ಏರಿಸಬಾರದು ಎನ್ನುವುದು ಇದಕ್ಕೇ: ಇನ್ಸುಲಿನ್ ಸಾಲದಾಗಲೂ ಹೆಚ್ಚಾದಾಗಲೂ ಬೆಕ್ಕು ಮಾಡುವ ಕೂಗು ಒಂದೇ.

ದಿನವಿಡೀ ಅಂಕಿ ಹೇಗೆ ಏರಿಳಿಯುತ್ತದೆಂದು ತಿಳಿಯಲು ಒಂದು ರಜೆಯ ದಿನ ಎರಡೆರಡು ತಾಸಿಗೊಮ್ಮೆ ನೋಡಿ ಬರೆಯಿರಿ. ಅಷ್ಟು ಚುಚ್ಚಲು ಮನಸ್ಸು ಬಾರದಿದ್ದರೆ ಸಕ್ಕರೆಯನ್ನು ತಾನೇ ಅಳೆಯುತ್ತಿರುವ, ಮನುಷ್ಯರ ಫ್ರೀಸ್ಟೈಲ್ ಲಿಬ್ರೆ ಸೆನ್ಸರನ್ನು ಕೂದಲು ಬೋಳಿಸಿದ ಪಕ್ಕೆಗೆ ವೈದ್ಯರು ಅಂಟಿಸಿಕೊಡುತ್ತಾರೆ. 14 ದಿನದ್ದೆಂದರೂ ಬೆಕ್ಕಿನ ಮೈಮೇಲೆ ಎಷ್ಟೋ ಸಲ ಅದಕ್ಕೂ ಮೊದಲೇ ಕಿತ್ತುಬರುತ್ತದೆ.

ತುರ್ತು

ಮೀಟರಿನಲ್ಲಿ 60ಕ್ಕಿಂತ ಕೆಳಗೆ, ಅಥವಾ ಅಂಕಿ ನೋಡುವ ವ್ಯವಧಾನವಿಲ್ಲದೆ ಬೆಕ್ಕು ತೂರಾಡುತ್ತಿದೆ, ಮೂಲೆ ಸೇರಿದೆ, ಕಣ್ಣಪಾಪೆ ಅಗಲವಾಗಿ ದಿಟ್ಟಿಸುತ್ತಿದೆ, ಮೈ ಅದುರುತ್ತಿದೆ. ಎಚ್ಚರವಿದ್ದು ನುಂಗುವಂತಿದ್ದರೆ ಮೊದಲು ಊಟ ಮುಂದಿಡಿ, ಇಲ್ಲಿ ಪಿಷ್ಟದ ಪಥ್ಯ ನೋಡಬೇಡಿ. ತಿನ್ನದಿದ್ದರೆ ಜೇನುತುಪ್ಪ ಅಥವಾ ಗಟ್ಟಿಯಾಗಿ ಕಲಸಿದ ಗ್ಲೂಕೋಸ್ ಪುಡಿಯನ್ನು ಅರ್ಧ ಚಮಚದಷ್ಟು ವಸಡಿಗೆ ಉಜ್ಜಿ. ಗಂಟಲಿಗೆ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋದೀತು. ಸೆಳೆತ ಬಂದಿದ್ದರೆ ಹಲ್ಲುಗಳ ನಡುವೆ ಬೆರಳು ಹಾಕಬೇಡಿ. 10–15 ನಿಮಿಷಕ್ಕೊಮ್ಮೆ ಸಕ್ಕರೆ ನೋಡುತ್ತಾ ಮತ್ತೆ ಉಜ್ಜುತ್ತಾ ಆಸ್ಪತ್ರೆಗೆ ಹೊರಡಿ. ಚೇತರಿಸಿಕೊಂಡಂತೆ ಕಂಡರೂ ಹೋಗಲೇಬೇಕು. ಜೇನಿನ ಸಕ್ಕರೆ ಬೇಗ ಕರಗಿಹೋಗುತ್ತದೆ, ಇನ್ಸುಲಿನ್ ಇನ್ನೂ ತಾಸುಗಟ್ಟಲೆ ಉಳಿದಿರುತ್ತದೆ. ಮುಂದಿನ ಡೋಸನ್ನು ವೈದ್ಯರು ಹೇಳುವವರೆಗೆ ಮುಟ್ಟಬೇಡಿ.

ಎದುರುಗಡೆಯ ತುದಿಯೂ ಒಂದಿದೆ. ಸದಾ ಕೂಗುತ್ತಿದ್ದ ಬೆಕ್ಕು ಒಂದು ದಿನ ಬಟ್ಟಲಿನ ಕಡೆ ತಿರುಗಿಯೂ ನೋಡುವುದಿಲ್ಲ, ವಾಂತಿ ಮಾಡುತ್ತದೆ, ಬಾಯಿಂದ ನೇಲ್ ಪಾಲಿಶ್ ತೆಗೆಯುವ ದ್ರವದಂಥ ವಾಸನೆ. ಹಸಿವು ಕೊನೆಗೂ ಅಡಗಿತೆಂದು ನಿಟ್ಟುಸಿರು ಬಿಡುವ ಹೊತ್ತಲ್ಲ ಅದು. ಇನ್ಸುಲಿನ್ ಸಿಗದ ದೇಹ ಕೊಬ್ಬನ್ನು ಉರಿಸಿ ರಕ್ತ ಆಮ್ಲವಾಗುತ್ತಿದೆ, ಕೀಟೋಆಸಿಡೋಸಿಸ್. ಕೀಟೋನ್ ಸ್ಟ್ರಿಪ್‌ಗಳನ್ನು ಮನೆಯಲ್ಲಿಟ್ಟಿರಿ. ಲಿಟ್ಟರ್ ಬಾಕ್ಸಿನ ಒದ್ದೆ ಮುದ್ದೆಗೆ ತಾಗಿಸಬೇಡಿ, ಹೊಯ್ಯುವಾಗ ಉದ್ದ ಹಿಡಿಕೆಯ ಸೌಟು ಒಡ್ಡಿ ತಾಜಾ ಉಚ್ಚೆ ಹಿಡಿಯಿರಿ. ಬಣ್ಣ ಬದಲಾದರೆ ರಾತ್ರಿಯಾದರೂ ಸರಿ, ಡ್ರಿಪ್ ಹಾಕುವ ಸೌಲಭ್ಯವಿರುವ ಆಸ್ಪತ್ರೆಗೇ ಒಯ್ಯಬೇಕು.

ಹಸಿವು ನಿಜಕ್ಕೂ ಇಳಿದಾಗ

ಸಕ್ಕರೆ ಏರಿ ನರಗಳು ಕೆಟ್ಟು ಹಿಂಗಾಲಿನ ಹಿಮ್ಮಡಿ ಊರಿ ನಡೆಯುತ್ತಿದ್ದ ಬೆಕ್ಕು ಮೆಲ್ಲಗೆ ಬೆರಳ ಮೇಲೆ ನಿಲ್ಲತೊಡಗುತ್ತದೆ, ನರಗಳ ಚೇತರಿಕೆಗೆ ತಿಂಗಳುಗಳು ಬೇಕು. ಬಟ್ಟಲಲ್ಲಿ ಒಂದೆರಡು ತುತ್ತು ಉಳಿಸಿ ಮೈ ನೆಕ್ಕಿಕೊಳ್ಳಲು ಕೂರುತ್ತದೆ. ಈ ಹಂತದಲ್ಲಿ ಚುಚ್ಚುವ ಮುಂಚಿನ ಅಂಕಿ ಸಲಸಲಕ್ಕೂ ಇಳಿಯುತ್ತಾ ಬಂದು 200ರ ಕೆಳಗೆ ನಿಲ್ಲುತ್ತಿದ್ದರೆ, ಮೇದೋಜೀರಕ ಮತ್ತೆ ಕೆಲಸ ಹಿಡಿದಿರಬಹುದು. ಕಾಯಿಲೆ ಗೊತ್ತಾದ ಮೊದಲ ಆರು ತಿಂಗಳಲ್ಲಿ ಬಿಗಿಯಾಗಿ ಹತೋಟಿ ಮಾಡಿದ ಬೆಕ್ಕುಗಳಿಗೆ ಇನ್ಸುಲಿನ್ ಪೂರ್ತಿ ನಿಲ್ಲುವ ಅವಕಾಶ ಹೆಚ್ಚು. ಆಗ ಹಿಂದಿನ ಡೋಸನ್ನೇ ಮುಂದುವರಿಸಿದರೆ ಸಕ್ಕರೆ ಕುಸಿಯುತ್ತದೆ, ವೈದ್ಯರ ಜತೆ ಅರ್ಧರ್ಧ ಯೂನಿಟ್ ಇಳಿಸುತ್ತಾ ಹೋಗಬೇಕು. ನಿಂತ ಮೇಲೆ ಮೊದಲ ತಿಂಗಳು ವಾರಕ್ಕೆರಡು ಸಲ, ಆಮೇಲೆ ವಾರಕ್ಕೊಮ್ಮೆ ಕಿವಿ ಚುಚ್ಚಿ ನೋಡಿ. ಊಟದ ಪಥ್ಯ ಹಾಗೇ ಇರಲಿ. ತೆರೆಯದ ಬಾಟಲಿ ಇದ್ದರೆ ಅದರ ತಾರೀಖು ಮುಗಿಯುವವರೆಗೆ ಎಸೆಯಬೇಡಿ, ಸಿರಿಂಜುಗಳ ಪೊಟ್ಟಣವನ್ನೂ ಯಾರಿಗೂ ಕೊಡಬೇಡಿ. ಕಿವಿಗೋ ಚರ್ಮಕ್ಕೋ ತೋರಿಸಲು ಬೇರೆ ವೈದ್ಯರ ಬಳಿ ಹೋದಾಗ ಅವರು ಸಿರಿಂಜು ತುಂಬುವ ಮೊದಲೇ 'ಇದಕ್ಕೆ ಸಕ್ಕರೆ ಕಾಯಿಲೆ ಇತ್ತು, ಸ್ಟೀರಾಯ್ಡ್ ಬೇಡ' ಎಂದು ಹೇಳಿಬಿಡಿ.